ಕುರುಗೋಡು ಗುಡ್ಡಕ್ಕೆ ಸವಾರಿ ಜೋಡಿ

ಪ್ರಾಣೇಶರಾಯ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಡೆದದ್ದನ್ನು ಓದಿದವರು ಬೇರೇನನ್ನೋ ತಿಳಿದುಕೊಳ್ಳುವ ಸಂಭವವಿದೆ. ಅವನ ತೊಂದರೆ ಬೇರೆ. ನಾಲ್ಕು ಜನ ಮಾತಾಡುತ್ತಿರುವಾಗ ಎಲ್ಲರೂ ಒಂದು ಗಳಿಗೆ ಸುಮ್ಮನಾದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಆ ಗಳಿಗೆಯನ್ನು ಯಾವುದಾದರೂ ಮಾತಿನಿಂದ ತುಂಬಿಬಿಡುತ್ತಿದ್ದ. ಬಾಯಿಗೆ ಬಂದ ಮಾತು ನಿಜವಾಗಿದ್ದರೆ ನಿಜ, ಇಲ್ಲದಿದ್ದರೆ ಇಲ್ಲ.

ಬ್ರಿಟಿಷ್ ರಾಣಿಯ ಆಳಿಕೆಯ ಕಾಲ. ಬಳ್ಳಾರಿ ಕಂಟೋನ್ಮೆಂಟಿನ ದೊರೆಯ ಕಚೇರಿಯಲ್ಲಿ ಅವನು ಹಂಗಾಮಿ ಗುಮಾಸ್ತ. ಮಧ್ಯಾಹ್ನದ ಹೊತ್ತು ಶಿರಸ್ತೇದಾರರು ನಶ್ಯ ಏರಿಸುತ್ತ, ಹೋದ ಸಲದ ಕ್ಯಾಂಪಿನಲ್ಲಿ ಎತ್ತುಗಳು ದಾರಿ ಮಧ್ಯದಲ್ಲೇ ಮಲಗಿ ದೊರೆಯ ಮುಂದೆ ತಮ್ಮ ಮಾನ ಕಳೆದದ್ದನ್ನು ಹೇಳುತ್ತಿದ್ದರು. ಹೇಳಿ ಮುಗಿಸಿ ಸೀನಿದರು. ಸೀನಿದ ಮೇಲೆ ಎಲ್ಲರೂ ಸುಮ್ಮನಾದರು. ಅಲ್ಲಿಗೆ ಪ್ರಾಣೇಶರಾಯನ ಕಥೆ ಮುಗಿಯಿತು.

"ನಮ್ಮ ಸೋದರತ್ತಿ ಮನ್ಯಾಗ ಒಂದು ಸವಾರಿ ಜೋಡಿ ಅದ ರೀ, ಕುರುಗೋಡಾಗ" ಎಂದುಬಿಟ್ಟ. "ಏರು ಕಂಡ್ರ ಸಾಕು, ಎತ್ತು ಹೋಗಿ ಕುದುರಿ ಆಗ್ತಾವ."

"ಹೌದೇನು? ಹೊಡೆಯಾವ್ರು ಯಾರು?" ಎಂದರು ಶಿರಸ್ತೇದಾರರು.

"ನಾನ ಹೊಡಿತೀನಿ ರೀ."

ಅವನು ಬಂಡಿಯ ಹಗ್ಗ ಹಿಡಿದಿದ್ದು ನಿಜ. ದೇಶನೂರಿನ ಹಾದಿಯಲ್ಲಿ, ಬಂಡಿಯವನು ನೀರು ಕುಡಿದು ಬರಲು ಹೋಗಿದ್ದಾಗ, ನಿಂತ ಬಂಡಿಯಲ್ಲಿ ಕುಳಿತು ಹಿಡಿದುಕೊಂಡಿದ್ದ. ಆಗಲೂ ಎಡಗಡೆಯ ಎತ್ತು ಕಿವಿ ಅಲ್ಲಾಡಿಸಿದಾಗ ಹಗ್ಗ ಬಿಟ್ಟಿದ್ದ.

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಅದೇ ವಾರ ದೊರೆಯ ಹೆಂಡತಿಯ ತಾಯಿ ಹಡಗಿನಲ್ಲಿ ಬಂದಿಳಿದು ಬಳ್ಳಾರಿಯನ್ನು ತಲುಪಿದಳು. ಊರಿನ ಬಿಸಿಲು ನೋಡಿ ಮುದುಕಿ ಹಾಸಿಗೆ ಹಿಡಿದಳು. ಕುರುಗೋಡಿನ ಗುಡ್ಡದ ಮೇಲೆ ಹಳೆಯ ಕೋಟೆಯ ಬಯಲಿದೆ, ಗಾಳಿ ಚೆನ್ನಾಗಿ ಬೀಸುತ್ತದೆ, ಅಲ್ಲಿ ಡೇರೆ ಹಾಕಿಸಿ ಕ್ಯಾಂಪು ಮಾಡೋಣ ಎಂದು ದೊರೆ ನಿಶ್ಚಯಿಸಿದ. ಪಲ್ಲಕ್ಕಿಯ ಮಾತೆತ್ತಿದ್ದಕ್ಕೆ ಮುದಿ ದೊರೆಸಾನಿ, ತಾನು ಮನುಷ್ಯರ ಹೆಗಲ ಮೇಲೆ ಕೂರುವವಳಲ್ಲ ಎಂದು ಛತ್ರಿ ಕುಟ್ಟಿ ಹೇಳಿದಳು. ಕಚೇರಿಯ ಎತ್ತುಗಳೆಲ್ಲ ಮುಂದಿನ ಮೊಕ್ಕಾಮಿನ ಡೇರೆ ಹೊತ್ತು ಸಿರುಗುಪ್ಪದ ಕಡೆ ಹೋಗಿದ್ದವು. ಆಗ ಶಿರಸ್ತೇದಾರರಿಗೆ ನೆನಪಾಯಿತು.

ದೊರೆ ಪ್ರಾಣೇಶರಾಯನನ್ನು ಕರೆಸಿದ. ಈ ದೊರೆ ಮದರಾಸಿನಲ್ಲಿ ಯಾರೋ ಪಂಡಿತರಿಂದ ಕನ್ನಡ ಕಲಿತು ಪರೀಕ್ಷೆ ಪಾಸು ಮಾಡಿದವನು. ಅವನ ಕನ್ನಡ ಬಳ್ಳಾರಿ ಜಿಲ್ಲೆಯಲ್ಲಿ ಅವನೊಬ್ಬನಿಗೇ ಬರುತ್ತಿತ್ತು.

"ಎಲೈ ಗುಮಾಸ್ತನೇ, ನಿನ್ನ ವೃಷಭಗಳು ಪರ್ವತವನ್ನು ಏರಬಲ್ಲವೋ?"

ಇಲ್ಲ ಎನ್ನಲು ಪ್ರಾಣೇಶರಾಯ ಬಾಯಿ ತೆರೆದ. ದೊರೆ ಉತ್ತರಕ್ಕಾಗಿ ಸುಮ್ಮನೆ ಕಾದ. ಆ ಮೌನವೇ ಅವನನ್ನು ಕೆಡಿಸಿತು.

"ಏರಬಲ್ಲವು ಮಹಾಸ್ವಾಮಿ, ಓಡುತ್ತ ಏರಬಲ್ಲವು."

"ಸಂತೋಷ. ನನ್ನ ಅತ್ತೆಯು ಕ್ಷೇಮವಾಗಿ ಮೇಲಕ್ಕೆ ಬಂದರೆ ನಿನ್ನನ್ನು ಕಾಯಂ ಮಾಡುವೆನು. ಬಾರದಿದ್ದರೆ ನೀನೂ ಕಚೇರಿಗೆ ಬಾರದಿರು."

ಈ ಕಾಯಂ ಎಂಬ ಮಾತಿನ ತೂಕ ಗೊತ್ತಾಗಬೇಕಾದರೆ ಪ್ರಾಣೇಶರಾಯನ ಹೆಂಡತಿಯ ವಿಷಯ ಹೇಳಬೇಕು. ಗಂಗಾಬಾಯಿ ಕಳೆದ ದೀಪಾವಳಿಯ ಹಿಂದಿನ ದೀಪಾವಳಿಗೆ ಸಿರುಗುಪ್ಪದ ತವರಿಗೆ ಹೋದವಳು, ತಿರುಗಿ ಬಂದಿರಲಿಲ್ಲ. ಬರಲು ಅವಳಿಗೆ ಮನಸ್ಸಿತ್ತು. ಆದರೆ ಅವಳ ತಂದೆ ಗೋಪಾಲಕೃಷ್ಣಾಚಾರ್ಯರು, "ಹಂಗಾಮಿ ನೌಕರಿ, ಹಂಗಾಮಿ ಸಂಸಾರ. ಕಾಯಂ ಆಗಲಿ, ಕಳಸ್ತೀನಿ" ಎಂದು ಜಗಲಿಯ ಮೇಲೆ ಕುಳಿತುಬಿಟ್ಟಿದ್ದರು. ಪ್ರಾಣೇಶರಾಯ ಕೈ ಸುಟ್ಟುಕೊಂಡು ಅನ್ನ ಬೇಯಿಸಿಕೊಳ್ಳುತ್ತಿದ್ದ. ಅನ್ನಕ್ಕಿಂತ ಮನೆ ಅವನನ್ನು ಹೆಚ್ಚು ಸುಡುತ್ತಿತ್ತು, ಏಕೆಂದರೆ ಮನೆಯಲ್ಲಿ ಮಾತಿಗೆ ಮಾತು ಕೊಡುವವರಿರಲಿಲ್ಲ.

ಸುದ್ದಿ ಸಂಜೆಯೊಳಗೆ ಓಣಿ ತುಂಬಿತು. ಪಕ್ಕದ ಮನೆಯ ಗುರುಬಸಮ್ಮ ಕಟ್ಟೆಯ ಮೇಲಿಂದ ಕೂಗಿ ಕೇಳಿದಳು. "ರಾಯರ, ದೊರಿ ಅತ್ತಿನ ಗುಡ್ಡ ಹತ್ತಸ್ತೀರಂತ? ಹೋದ ವಾರ ನಮ್ಮ ಆಡು ಅಡ್ಡ ಬಂದ್ರ ನೀವು ಚಾವಡಿ ಸುತ್ತು ಹಾಕ್ಕೊಂಡು ಬಂದ್ರಿ!"

"ಆಡು ಬ್ಯಾರೆ, ಎತ್ತು ಬ್ಯಾರೆ" ಎಂದು ಪ್ರಾಣೇಶರಾಯ ಗಂಭೀರವಾಗಿ ಹೇಳಿದ. ಅದಂತೂ ನಿಜವೇ ಆಗಿತ್ತು.

ಸಿರುಗುಪ್ಪಕ್ಕೂ ಸುದ್ದಿ ಮುಟ್ಟಿತು. ಆಚಾರ್ಯರು ಮಗಳನ್ನು ಕರೆದುಕೊಂಡು ಕುರುಗೋಡಿಗೇ ಹೊರಟರು. ಗುಡ್ಡದ ಮೇಲೆ ಕುಳಿತು ಕಣ್ಣಾರೆ ನೋಡುವುದು. ಅಳಿಯ ಕಾಯಂ ಆದರೆ ಮಗಳನ್ನು ಅಲ್ಲೇ ಒಪ್ಪಿಸುವುದು, ಆಗದಿದ್ದರೆ ಬಂದ ಬಂಡಿಯಲ್ಲೇ ಹಿಂದಕ್ಕೆ. ಆಚಾರ್ಯರು ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವರಲ್ಲ.

ಸೋದರತ್ತೆ ವೆಂಕೂಬಾಯಿ ಕುರುಗೋಡಿನ ತೋಟದ ಮನೆಯಲ್ಲಿ ಒಬ್ಬಳೇ ಇದ್ದಳು. ಮಡಿ ಹೆಂಗಸು, ಕೆಂಪು ಸೀರೆ. ಬಾಯಿ ಮಾತ್ರ ಯಾವ ಮಡಿಗೂ ಒಳಪಟ್ಟಿರಲಿಲ್ಲ. ಪ್ರಾಣೇಶರಾಯ ನಡೆದದ್ದನ್ನೆಲ್ಲ ಹೇಳಿ ಕಂಬಕ್ಕೆ ಒರಗಿ ಕುಳಿತ.

"ಸವಾರಿ ಜೋಡಿ?" ಎಂದಳು ವೆಂಕೂಬಾಯಿ. "ಲೇ ಪ್ರಾಣ್ಯಾ, ನನ್ನ ಹತ್ರ ಇರೋವು ಕರಿಯಾ, ಮುತ್ಯಾ. ಹುಟ್ಟಿದಾಗಿಂದ ಕಪಿಲಿ ಎಳಿಯೋದ ಅವುಕ್ಕ ಗೊತ್ತು. ಬಾವಿ ಬಿಟ್ಟು ಊರ ಅಗಸಿ ಬಾಗಲ ಸೈತ ನೋಡಿಲ್ಲ."

"ಎತ್ತು ಎತ್ತ ಅಲ್ಲೇನು ಅತ್ತ್ಯಾ? ನೀರು ಎಳಿಯೋವು ಬಂಡಿ ಎಳಿಯೋದಿಲ್ಲೇನು?"

ವೆಂಕೂಬಾಯಿ ಅವನ ಮುಖ ನೋಡಿದಳು. ತಾಯಿಯಿಲ್ಲದೆ ಅವಳ ಮಡಿಲಲ್ಲಿ ಬೆಳೆದ ಹುಡುಗ. ಅವನ ಹೆಂಡತಿ ಅವನ ಮನೆಯಲ್ಲಿಲ್ಲ ಎಂಬುದು ಅವಳಿಗೆ ಗಂಟಲಲ್ಲಿ ಸಿಕ್ಕಿದ ಮುಳ್ಳಾಗಿತ್ತು.

"ಒಯ್ಯಿ. ಆದರ ನಾನೂ ಬಂಡ್ಯಾಗ ಕೂಡ್ತೀನಿ. ನನ್ನ ಎತ್ತು ನಿನ್ನ ಕೈಯಾಗ ಕೊಟ್ಟು ಮನ್ಯಾಗ ಕೂಡೋ ಧೈರ್ಯ ನನಗಿಲ್ಲ."

"ದೊರೆಸಾನಿ ಕೂಡೋ ಬಂಡ್ಯಾಗ? ನಿನ್ನ ಮಡಿ?"

"ನಡುವ ಕಂಬಳಿ ಕಟ್ಟು. ಕಂಬಳಿಗೆ ಮೈಲಿಗಿ ಇಲ್ಲ. ಏಕಾದಶಿ ಬ್ಯಾರೆ ಅದ ನಾಳೆ, ಒಂದು ಹನಿ ನೀರು ಮುಟ್ಟೋದಿಲ್ಲ ನಾನು. ಪುಣ್ಯ ಇದ್ರ ದಾಟ್ತೀವಿ."

ಮರುದಿನ ಬೆಳಿಗ್ಗೆ ಎತ್ತುಗಳು ಗುಡ್ಡದ ಬುಡಕ್ಕೆ ಬಹಳ ಸೊಗಸಾಗಿ ಬಂದವು. ಕಪಿಲೆ ಹೊಡೆಯುವ ಮಾರೆಣ್ಣ ಹಾಡುತ್ತ ಮುಂದೆ ನಡೆದ, ಅವು ತಲೆದೂಗುತ್ತ ಹಿಂದೆ ಬಂದವು. ಅಲ್ಲಿ ಬಂಡಿ ಸಿದ್ಧವಾಗಿತ್ತು. ಕಮಾನಿನ ಒಳಗೆ ಒಂದು ಕಡೆ ಮುದಿ ದೊರೆಸಾನಿ ಛತ್ರಿ ಹಿಡಿದು ಕುಳಿತಿದ್ದಳು. ಅವಳ ಹಿಂದೆ ದೊರೆ ಸ್ನಾನ ಮಾಡುವ ದೊಡ್ಡ ತಗಡಿನ ತೊಟ್ಟಿ. ಕಂಬಳಿಯ ಈ ಕಡೆ ವೆಂಕೂಬಾಯಿ, ಕೈಯಲ್ಲಿ ಜಪಮಾಲೆ. ಡೇರೆ ಹಾಕುವ ಖಲಾಸಿ ಉಸ್ಮಾನಸಾಬ್ ಜೊತೆಗೆ ನಡೆದು ಬರಬೇಕು, ಬಂಡಿ ನಿಂತಾಗ ಗಾಲಿಗೆ ಅಡ್ಡಗಲ್ಲು ಇಡಬೇಕು ಎಂದು ಹುಕುಂ ಆಗಿತ್ತು. ಅವನಿಗೆ ಡೇರೆಯ ಗೂಟ, ಹಗ್ಗಗಳ ವಿಷಯ ಎಷ್ಟು ಗೊತ್ತಿತ್ತೋ ಎತ್ತಿನ ವಿಷಯ ಅಷ್ಟೇ ಗೊತ್ತಿರಲಿಲ್ಲ.

ಮಾರೆಣ್ಣ ಹಗ್ಗವನ್ನು ಪ್ರಾಣೇಶರಾಯನ ಕೈಗೆ ಕೊಟ್ಟ. "ಸಾಮೀ, ಒಂದು ಮಾತು ಐತ್ರಿ. ಇವು ಕಪಿಲಿ ಎತ್ತು. ಇವುಕ್ಕ..."

ಮಗ್ಗುಲಲ್ಲೇ ತಟ್ಟು ಕುದುರೆಯ ಮೇಲೆ ಶಿರಸ್ತೇದಾರರು ಕುಳಿತಿದ್ದರು. "ಏನು? ಕಪಿಲಿ ಅಂದ್ನ ಏನು?" ಎಂದರು.

"ಕಪಿಲ ಬಣ್ಣ ಅಂದ ರೀ" ಎಂದು ಪ್ರಾಣೇಶರಾಯ ಕೂಗಿದ. ಎತ್ತುಗಳಲ್ಲಿ ಒಂದು ಕಪ್ಪು, ಇನ್ನೊಂದು ಬಿಳಿ. "ಎಲ್ಲಾ ಗೊತ್ತದ ಮಾರೆಣ್ಣ, ನೀ ಹೋಗು. ತೋಟದಾಗ ಕೆಲಸ ಅದ ಅಲ್ಲೇನು? ಹೋಗು, ಹೋಗು!"

ಮಾರೆಣ್ಣ ತಿರುತಿರುಗಿ ನೋಡುತ್ತ ಹೋದ. ಶಿರಸ್ತೇದಾರರು ಮುಂದಿನ ವ್ಯವಸ್ಥೆ ನೋಡಲು ತಟ್ಟು ಓಡಿಸಿ ಮೇಲಕ್ಕೆ ಹೋದರು.

ಆ ದಾರಿ ನೋಡಿದವರಿಗೆ ಗೊತ್ತು. ಹಿಂದಿನ ಕಾಲದ ಪಾಳೆಗಾರರು ಫಿರಂಗಿ ಎಳೆಸಲು ಮಾಡಿಸಿದ್ದು. ಆಮೇಲೆ ಅದರ ಮೇಲೆ ಮಳೆ ಬಿಟ್ಟು ಬೇರೆ ಯಾರೂ ಕೈಯಾಡಿಸಿಲ್ಲ. ಒಂದು ಕಡೆ ಆನೆಯಷ್ಟು ದೊಡ್ಡ ಬಂಡೆಗಳು, ಈಗ ಉರುಳಲೋ ಆಮೇಲೆ ಉರುಳಲೋ ಎಂದು ಕುಳಿತಿವೆ. ಇನ್ನೊಂದು ಕಡೆ ಏನೂ ಇಲ್ಲ. ಬಂಡಿಯಿಂದ ಇಣುಕಿದರೆ ಸೀತಾಫಲದ ಗಿಡಗಳ ನೆತ್ತಿ, ಅದರ ಕೆಳಗೆ ಜೋಳದ ಹೊಲ, ಹೊಲದಲ್ಲಿ ಇರುವೆಯಷ್ಟು ದೊಡ್ಡ ಮನುಷ್ಯರು.

"ಹೋ!" ಎಂದ ಪ್ರಾಣೇಶರಾಯ. ಎತ್ತುಗಳು ನಿಂತೇ ಇದ್ದವು. ಬಾರುಕೋಲು ತೋರಿಸಿದ. ಕರಿಯ ಅದನ್ನು ಮೂಸಿತು. ತೆಲುಗಿನಲ್ಲಿ ಬೈದ, ಏಕೆಂದರೆ ಬಂಡಿಯವರೆಲ್ಲ ಹಾಗೆ ಬೈಯುವುದನ್ನು ಕೇಳಿದ್ದ. ಉಸ್ಮಾನಸಾಬ್ ಬಾಲ ಮುಟ್ಟಿದ, ಬಾಲ ಅವನ ಮುಖಕ್ಕೆ ಬಡಿಯಿತು. ಒಳಗಿನಿಂದ ಛತ್ರಿಯ ತುದಿ ಬಂದು ಪ್ರಾಣೇಶರಾಯನ ಬೆನ್ನು ತಿವಿಯಿತು.

ವೆಂಕೂಬಾಯಿಗೆ ಬೇಸರವಾಯಿತು. ಏಕಾದಶಿಯ ದಿನ ಬೆಳಿಗ್ಗೆ ಹೇಳುವ ಹಾಡು ಹೇಗೂ ಬಾಕಿ ಇತ್ತು. ಹೊತ್ತು ಕಳೆಯಲಿ ಎಂದು ಶುರು ಮಾಡಿದಳು.

"ತುಳಸಿಯ ಕಟ್ಟೆಗೆ ನೀರೆರೆದು ಬಂದೆ, ಕದವ ತೆಗೆಯೋ ಹರಿಯೇ..."

ಎತ್ತುಗಳು ಕಿವಿ ನೆಟ್ಟಗೆ ಮಾಡಿದವು, ಹೊರಟವು.

"ನೋಡಿದ್ಯಾ ಉಸ್ಮಾನಸಾಬ? ಹಗ್ಗ ಹಿಡಿಯೋದರಾಗ ಅದ ಎಲ್ಲಾ" ಎಂದು ಪ್ರಾಣೇಶರಾಯ ಎದೆಯುಬ್ಬಿಸಿದ. ಬಂಡಿ ಮೊದಲನೆಯ ತಿರುವು ದಾಟಿತು. ಎರಡನೆಯ ತಿರುವಿನ ಕಡಿದಾದ ಏರಿನಲ್ಲಿ, ಪ್ರಪಾತದ ಅಂಚಿನಲ್ಲಿ, ವೆಂಕೂಬಾಯಿಯ ಹಾಡು ಮುಗಿಯಿತು.

ಎತ್ತುಗಳು ನಿಂತವು. ಒಂದನ್ನೊಂದು ನೋಡಿಕೊಂಡಂತೆ ಮಾಡಿದವು. ಆಮೇಲೆ, ಬಹಳ ಶಾಂತವಾಗಿ, ಬಹಳ ಶಿಸ್ತಿನಿಂದ, ಹಿಂದಿಂದಕ್ಕೆ ನಡೆಯತೊಡಗಿದವು.

ಬಂಡಿ ಹಿಂದಕ್ಕೆ ಇಳಿಯಿತು. ಗಾಲಿಯ ಕೆಳಗಿನ ಕಲ್ಲು ಸಿಡಿದು ಪಾತಾಳಕ್ಕೆ ಬಿತ್ತು, ಬಿದ್ದ ಸದ್ದು ಮಾತ್ರ ಕೇಳಿಸಲಿಲ್ಲ. ಪ್ರಾಣೇಶರಾಯ ಹಗ್ಗ ಜಗ್ಗಿದ. ಜಗ್ಗಿದಷ್ಟೂ ಎತ್ತುಗಳು, ಹೌದು ಹೌದು ಬರುತ್ತಿದ್ದೇವೆ ಎಂಬಂತೆ ಇನ್ನೂ ಬೇಗ ಹಿಂದಕ್ಕೆ ನಡೆದವು.

"ಕಲ್ಲು! ಉಸ್ಮಾನಸಾಬ, ಕಲ್ಲು!"

"ಯಾ ಅಲ್ಲಾ, ಯಾವ ಗಾಲಿಗ್ರಿ?"

"ಎಲ್ಲಾ ಗಾಲಿಗೂ!"

ಉಸ್ಮಾನಸಾಬ್ ಕೈಗೆ ಸಿಕ್ಕ ಕಲ್ಲನ್ನು ಒದ್ದು ಗಾಲಿಯಡಿಗೆ ತಳ್ಳಿದ. ಬಂಡಿ ಕುಲುಕಿ ನಿಂತಿತು. ಕಂಬಳಿ ಕಳಚಿ ಬಿತ್ತು. ನೋಡಿದರೆ ಮುದಿ ದೊರೆಸಾನಿ ಎರಡೂ ಕೈಗಳಿಂದ ವೆಂಕೂಬಾಯಿಯನ್ನು ತಬ್ಬಿಕೊಂಡಿದ್ದಳು.

"ಮಡಿ ಹೋತು!" ಎಂದು ವೆಂಕೂಬಾಯಿ ಕಿರುಚಿದಳು. ಆದರೆ ಅವಳೂ ಮುದುಕಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಗುಡ್ಡದ ಕೆಳಗೆ ಇಣುಕಿ ನೋಡಿ, ಇನ್ನಷ್ಟು ಗಟ್ಟಿಯಾಗಿ ಹಿಡಿದಳು. "ಇರಲಿ ಬಿಡು. ಒಮ್ಮೆ ಹೋದ ಮಡಿ ಇನ್ನೊಮ್ಮೆ ಹೋಗೋದಿಲ್ಲ."

"ಅತ್ತ್ಯಾ, ನಿನ್ನ ಎತ್ತಿಗೆ ಏನಾಗ್ಯದ? ಹಿಂದಕ್ಕ ನಡೀತಾವಲ್ಲ!"

ಆಗ ವೆಂಕೂಬಾಯಿಗೆ ಹೊಳೆಯಿತು.

"ಅಯ್ಯೋ ನನ್ನ ಕರ್ಮ! ಮಾರೆಣ್ಣ ಬಾವ್ಯಾಗಿಂದ ನೀರು ಎತ್ತುವಾಗ ಹಾಡಕೋತ ಎತ್ತು ಹೊಡೀತಾನ. ಹಾಡಿನ ತನಕ ಅವು ಮುಂದಕ್ಕ ಎಳೀತಾವ. ನೀರು ಸುರುವಿದ ಕೂಡ್ಲೆ ಹಾಡು ನಿಲ್ಲಸ್ತಾನ. ಆವಾಗ ಅವು ಹಿಂದಿಂದಕ್ಕ ನಡದು ಬಾವಿ ಕಟ್ಟಿಗೆ ಹೋಗ್ತಾವ, ಮತ್ತ ತೊಗಲಿನ ಚೀಲ ಬಾವ್ಯಾಗ ಇಳೀತದ. ಹುಟ್ಟಿದಾಗಿಂದ ಇದ ಕೆಲಸ ಅವುಕ್ಕ!"

"ಅಂದ್ರ?"

"ಅಂದ್ರ ಗುಡ್ಡದ ತುದಿ ಮುಟ್ಟೋ ತನಕ ಯಾರಾದ್ರೂ ಹಾಡ್ತಾ ಇರಬೇಕು. ನಿಂತ್ರ ಸತ್ವಿ."

ಪ್ರಾಣೇಶರಾಯ ಮೇಲೆ ನೋಡಿದ. ತುದಿ ಬಹಳ ದೂರವಿತ್ತು. ಕೆಳಗೆ ನೋಡಿದ. ಅದು ಇನ್ನೂ ದೂರವಿತ್ತು. ಬಂಡಿ ತಿರುಗಿಸುವಷ್ಟು ಜಾಗ ದಾರಿಯಲ್ಲಿ ಎಲ್ಲಿಯೂ ಇರಲಿಲ್ಲ.

ವೆಂಕೂಬಾಯಿ ಮತ್ತೆ ಶುರು ಮಾಡಿದಳು. ಹರಿಯನ್ನು ಎಬ್ಬಿಸಿದಳು, ಮೀಯಿಸಿದಳು, ಉಣ್ಣಿಸಿದಳು, ಮಲಗಿಸಿದಳು. ಬಂಡಿ ಏರಿತು. ಆದರೆ ಹಿಂದಿನ ರಾತ್ರಿಯಿಂದ ಗಂಟಲಿಗೆ ಹನಿ ನೀರು ಬಿದ್ದಿರಲಿಲ್ಲ. ಮಲಗಿದ ಹರಿಯನ್ನು ಎರಡನೆಯ ಸಲ ಎಬ್ಬಿಸುವ ಹೊತ್ತಿಗೆ ದನಿ ಒಡೆಯಿತು. ಕರಿಯ ಹಿಂಗಾಲು ಹಿಂದಕ್ಕಿಟ್ಟಿತು.

"ಉಸ್ಮಾನಸಾಬ! ನಿನಗೇನರ ಬರತದೇನೋ?"

"ಮೊಹರಂ ಹಾಡು ಬರ್ತೈತ್ರಿ ಅವ್ವಾರ. ನಿಮಗ ನಡೀತೈತೇನ್ರಿ?"

"ಎತ್ತಿಗೆ ನಡದ್ರ ನನಗೂ ನಡೀತದ, ಹಾಡೋ ಮಾರಾಯಾ!"

ಉಸ್ಮಾನಸಾಬ್ ಕಲ್ಲು ಎದೆಗವಚಿಕೊಂಡು, ಕಣ್ಣು ಮುಚ್ಚಿ, ಎತ್ತಿದ ದನಿಯಲ್ಲಿ ಹಾಡಿದ. "ದೂರದ ಹಾದಿ ನಡದಾರೋ, ನೀರಡಿಸಿ ನಡದಾರೋ..." ಎತ್ತುಗಳು ಯಾವ ಮತಭೇದವನ್ನೂ ಮಾಡದೆ ನಡೆದವು. ನೀರಡಿಸಿದವರ ಹಾಡು ಕೇಳಿ, ನೀರು ಬಿಟ್ಟಿದ್ದ ವೆಂಕೂಬಾಯಿಯ ಕಣ್ಣು ತುಂಬಿತು. ಆದರೆ ಉಸ್ಮಾನಸಾಬ್ ದಪ್ಪ ಮನುಷ್ಯ. ಏರು ಹತ್ತುತ್ತ, ಕಲ್ಲು ಹೊತ್ತು, ಹಾಡುವುದೆಂದರೆ ಎಷ್ಟು ದೂರ? ಮೂರನೆಯ ತಿರುವಿನಲ್ಲಿ ಅವನ ಹಾಡಿನೊಳಗೆ ಕೆಮ್ಮು ಸೇರಿತು, ಆಮೇಲೆ ಕೆಮ್ಮಿನೊಳಗೆ ಹಾಡು ಸೇರಿತು.

ಮುದಿ ದೊರೆಸಾನಿ ಇಷ್ಟು ಹೊತ್ತು ಎಲ್ಲರ ಮುಖ ನೋಡುತ್ತಿದ್ದಳು. ಈ ಜನ ಕಷ್ಟ ಬಂದಾಗ ದೇವರನ್ನು ಹಾಡಿ ಕರೆಯುತ್ತಾರೆ, ಒಬ್ಬರಾದ ಮೇಲೆ ಒಬ್ಬರು, ಎಂದು ಅವಳಿಗೆ ತೋರಿರಬೇಕು. ಈಗ ತನ್ನ ಸರದಿ ಎಂದು ತಿಳಿದು ಛತ್ರಿಯಿಂದ ತಾಳ ಹಾಕುತ್ತ ಇಗರ್ಜಿಯ ಹಾಡೊಂದನ್ನು ಹಾಡಿದಳು. ಸಣ್ಣ ದನಿ, ನಡುಗುವ ದನಿ. ಎತ್ತುಗಳು ಅದನ್ನೂ ಒಪ್ಪಿಕೊಂಡವು. ಆದರೆ ಆ ಹಾಡು ಗಿಡ್ಡದು. ಇನ್ನೇನು ಕೋಟೆಯ ಗೋಡೆ ಕಾಣಬೇಕು ಅನ್ನುವಾಗ ಅವಳು ಆಮೆನ್ ಎಂದಳು.

ಮೂವರೂ ಪ್ರಾಣೇಶರಾಯನ ಕಡೆ ನೋಡಿದರು.

"ನನಗ ಹಾಡು ಬರೋದಿಲ್ಲ!" ಎಂದ. ಜೀವನದಲ್ಲಿ ಅವನು ಹೇಳಿದ ಮೊದಲನೆಯ ಅಪ್ಪಟ ನಿಜ ಅದು. ಬಂಡಿ ಹಿಂದಕ್ಕೆ ಜಾರಿತು. ಗಾಲಿ ಅಂಚಿನ ಮಣ್ಣು ಕೆರೆಯಿತು.

"ಏನರ ಅನ್ನೋ ಪ್ರಾಣ್ಯಾ! ರಾಗ ಎಳೆದು ಏನರ ಅನ್ನು!"

ಅವನಿಗೆ ಬಾಯಿಪಾಠ ಬರುತ್ತಿದ್ದದ್ದು ಒಂದೇ. ಮೂರು ವರ್ಷ ಹಗಲೆಲ್ಲ ಕಚೇರಿಯಲ್ಲಿ ಬರೆದದ್ದು. ಕಣ್ಣು ಮುಚ್ಚಿ, ಬಾಯಿ ಬಿಟ್ಟು, ಅದನ್ನೇ ರಾಗವಾಗಿ ಎತ್ತಿದ.

"ಮಹಾರಾಜರಾಜಶ್ರೀ ದೊರೆಗಳವರ ದಿವ್ಯ ಸನ್ನಿಧಾನಕ್ಕೇಏಏ... ಹಂಗಾಮಿ ಗುಮಾಸ್ತ ಪ್ರಾಣೇಶರಾಯನು ಮಾಡಿಕೊಳ್ಳುವ ಅರ್ಜಿ ಏನೆಂದರೇಏಏ..."

ಎತ್ತುಗಳು ಒಂದು ಗಳಿಗೆ ಯೋಚಿಸಿದವು. ಇದನ್ನು ಹಾಡು ಎನ್ನಬಹುದೇ ಎಂಬುದು ಯಾರಿಗಾದರೂ ಬರುವ ಸಂಶಯವೇ. ಕೊನೆಗೆ ಹೆಜ್ಜೆ ಮುಂದಿಟ್ಟವು.

ಅರ್ಜಿಗೆ ತಲೆ ಬಂತು, ಈಗ ಹೊಟ್ಟೆ ಬೇಕು. ಮುಂದೇನು ಹೇಳುವುದು? ಖಾಲಿ ಜಾಗ ತುಂಬುವುದರಲ್ಲಿ ಇಷ್ಟು ವರ್ಷ ಪಳಗಿದ್ದ ಪ್ರಾಣೇಶರಾಯನಿಗೆ ಆ ಹೊತ್ತು ಒಂದೂ ಸುಳ್ಳು ನೆನಪಿಗೆ ಬರಲಿಲ್ಲ. ನಿಜವೇ ಬಾಯಿಗೆ ಬಂತು.

"ಸದರಿ ಎತ್ತುಗಳು ಸವಾರಿಯವಲ್ಲಾಆಆ... ಕಪಿಲೆಯವಾಗಿರುತ್ತವೇಏಏ... ಸದರಿ ಅರ್ಜಿದಾರನು ಹಿಂದೆಂದೂ ಬಂಡಿ ಹೊಡೆದವನಲ್ಲಾಆಆ... ಆಡಿಗೂ ಅಂಜುವವನಾಗಿರುತ್ತಾನೇಏಏ... ಹೆಂಡತಿಯನ್ನು ಮಾವನವರು ಕಳಿಸುವುದಿಲ್ಲವಾದ ಕಾರಣಾಆಆ... ಮನೆಯಲ್ಲಿ ಮಾತಾಡುವವರಿಲ್ಲದ ಕಾರಣಾಆಆ... ಹೀಗೆ ಸುಳ್ಳು ಹೇಳಬೇಕಾಗಿ ಬಂದಿತೂಊಊ..."

ಗುಡ್ಡದ ಮೇಲೆ ಗಾಳಿ ಮೇಲ್ಮುಖವಾಗಿತ್ತು. ಡೇರೆಯ ಮುಂದೆ ದೊರೆ ಕಿವಿಗೊಟ್ಟು ನಿಂತಿದ್ದ. ಊರವರ ಮಾತು ಅವನಿಗೆ ಒಂದೂ ತಿಳಿಯುತ್ತಿರಲಿಲ್ಲ; ಅರ್ಜಿಯ ಕನ್ನಡವಾದರೆ ಅಕ್ಷರ ಬಿಡದೆ ತಿಳಿಯುತ್ತಿತ್ತು. ಶಿರಸ್ತೇದಾರರ ಕೈಯಲ್ಲಿದ್ದ ನಶ್ಯ ಗಾಳಿಗೆ ಹಾರಿ ಹೋಯಿತು. ಸ್ವಲ್ಪ ದೂರದ ಬಂಡೆಯ ಮೇಲೆ ಗೋಪಾಲಕೃಷ್ಣಾಚಾರ್ಯರು ಕುಳಿತಿದ್ದರು. "ಆಡಿಗೂ ಅಂಜುವವ" ಎಂಬಲ್ಲಿ ಅವರು ಮಗಳ ಕಡೆ ತಿರುಗಿ, "ಗಂಟು ಕಟ್ಟು, ಹೊರಡೋಣು" ಎಂದರು.

ಗಂಗಾಬಾಯಿ ಗಂಟು ಕಟ್ಟಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ದಾರಿಯ ಕಡೆ ನೋಡುತ್ತ ನಿಂತಳು.

ಬಂಡಿ ಕೊನೆಯ ತಿರುವಿನಲ್ಲಿ ಕಾಣಿಸಿತು. ಬಯಲಿಗೆ ಇನ್ನು ಒಂದೇ ಸಣ್ಣ ಏರು. ಬಂದೆವು ಎಂದುಕೊಂಡು ಉಸ್ಮಾನಸಾಬ್ ಎದೆಯ ಮೇಲಿನ ಕಲ್ಲನ್ನು ಪಾತಾಳಕ್ಕೆ ಎಸೆದು ಕೈ ಝಾಡಿಸಿದ. ದೊರೆ ಮುಂದೆ ಬಂದು ಕೈಯೆತ್ತಿದ.

"ಎಲೈ! ಗಾನವನ್ನು ನಿಲ್ಲಿಸು!"

ಮೂರು ವರ್ಷ ಹಂಗಾಮಿಯಾಗಿದ್ದವನಿಗೆ ದೊರೆಯ ಹುಕುಂ ಮೀರುವುದು ಸಾಧ್ಯವಿಲ್ಲ. "ಕೃಪೆಯಿಟ್ಟು" ಎಂಬಲ್ಲಿಗೆ ಪ್ರಾಣೇಶರಾಯನ ಬಾಯಿ ತಾನಾಗಿ ಮುಚ್ಚಿತು.

ಗಾಳಿಯ ಸದ್ದೊಂದೇ ಉಳಿಯಿತು. ಕರಿಯ ಮತ್ತು ಮುತ್ಯ, ನೀರು ಸುರಿದಾಯಿತು ಎಂದು ತಿಳಿದು, ಹಿಂದಿಂದಕ್ಕೆ ಹೊರಟವು.

ಆಮೇಲೆ ಎದ್ದ ಗದ್ದಲವನ್ನು ಹೇಗೆ ಹೇಳುವುದು! ಶಿರಸ್ತೇದಾರರು "ಹಿಡೀರಿ, ಹಿಡೀರಿ" ಎಂದು ತಾವು ಹಿಂದೆ ಸರಿದರು. ಉಸ್ಮಾನಸಾಬ್ ಕಲ್ಲು ಹುಡುಕಿದ, ಇಡೀ ಗುಡ್ಡವೇ ಕಲ್ಲಾಗಿದ್ದರೂ ಎತ್ತುವಂಥದೊಂದು ಸಿಗಲಿಲ್ಲ. ಬಂಡಿಯೊಳಗೆ ಇಬ್ಬರು ಮುದುಕಿಯರೂ ಒಬ್ಬರ ಭುಜದಲ್ಲಿ ಒಬ್ಬರು ಮುಖ ಹುದುಗಿಸಿದರು, ತಗಡಿನ ತೊಟ್ಟಿ ಗುಡುಗಿತು. "ಹಾಡಬೇಕು ರೀ! ಹಾಡಿದ್ರ ನಿಲ್ತಾವ!" ಎಂದು ವೆಂಕೂಬಾಯಿ ಒಡೆದ ದನಿಯಲ್ಲಿ ಕೂಗಿದಳು. ಶಿರಸ್ತೇದಾರರು ಅದನ್ನು ದೊರೆಗೆ ಅರ್ಜಿಯ ಕನ್ನಡದಲ್ಲಿ ತಿಳಿಸಿದರು.

"ಹಾಡು! ಗಾನ ಮಾಡು!" ಎಂದು ದೊರೆ ಆರ್ಭಟಿಸಿದ. ಪ್ರಾಣೇಶರಾಯ ಬಾಯಿ ತೆರೆದ. ಗಂಟಲು ಹಿಡಿದಿತ್ತು, ಬರೀ ಗಾಳಿ ಬಂತು. ದೊರೆ ಆಚಾರ್ಯರ ಕಡೆ ಬೆರಳು ಮಾಡಿದ. ಸಾವಿರ ಶ್ಲೋಕ ಬಾಯಿಪಾಠ ಇದ್ದ ಆಚಾರ್ಯರು ಎದ್ದು ನಿಂತರು, ಕೆಮ್ಮಿ ಗಂಟಲು ಸರಿ ಮಾಡಿಕೊಂಡರು, ಯಾವುದರಿಂದ ಶುರು ಮಾಡಬೇಕೆಂದು ಯೋಚಿಸುತ್ತ ನಿಂತೇ ಇದ್ದರು.

ಗಂಗಾಬಾಯಿ ಸೆರಗು ಬಿಟ್ಟಳು.

ಅವಳಿಗೂ ಆ ಗಳಿಗೆಯಲ್ಲಿ ಬೇರೆ ಹಾಡು ನೆನಪಾಗಲಿಲ್ಲ. ಮದುವೆಯಲ್ಲಿ ಉರುಟಣೆಗೆ ಕೂರಿಸಿ, ಗಂಡನ ಮುಖಕ್ಕೆ ಅರಿಶಿಣ ಹಚ್ಚಿಸುವಾಗ ಹಿರಿಯ ಹೆಂಗಸರು ಹೇಳಿಕೊಟ್ಟ ಹಾಡು. ಹೆಣ್ಣು ಗಂಡನ ಹೆಸರು ಹಿಡಿಯುವುದು ಜೀವಮಾನದಲ್ಲಿ ಅದೊಂದೇ ಸಲ, ಅದೂ ಹೆಂಗಸರ ನಡುವೆ. ಅವಳು ತಂದೆಯ ಮುಂದೆ, ದೊರೆಯ ಮುಂದೆ, ಇಡೀ ಕ್ಯಾಂಪಿನ ಮುಂದೆ ದನಿ ಎತ್ತಿದಳು.

"ಅರಿಷಿಣ ಹಚ್ಚೇನು, ಮುಖವ ತೋರೋ, ಅಂಜಬ್ಯಾಡೋ... ಹಿಂದಕ್ಕ ಸರಿಯಬ್ಯಾಡೋ ಪ್ರಾಣೇಶರಾಯಾ... ಮುಂದಕ್ಕ ಬಾರೋ, ನನ್ನ ಪ್ರಾಣೇಶರಾಯಾ..."

ಎತ್ತುಗಳು ನಿಂತವು. ಕಿವಿ ನೆ‌ಟ್ಟಗಾಯಿತು. ಮುಂದಕ್ಕೆ ಹೆಜ್ಜೆ ಇಟ್ಟವು. ಗಂಗಾಬಾಯಿ ಎತ್ತುಗಳ ಕಡೆ ಮುಖ ಮಾಡಿ ಹಾಡುತ್ತ ಹಿಂದಿಂದಕ್ಕೆ ನಡೆದಳು, ಎತ್ತುಗಳು ಅವಳ ದನಿ ಹಿಡಿದು ಏರು ಹತ್ತಿದವು, ಬಯಲಿಗೆ ಬಂದವು, ಡೇರೆಯವರೆಗೆ ಬಂದವು. ಖಲಾಸಿಗಳು ಓಡಿ ಬಂದು ನೊಗ ಕಳಚುವವರೆಗೂ ಅವಳು ನಿಲ್ಲಿಸಲಿಲ್ಲ. ಎಷ್ಟೋ ದಿನಗಳಿಂದ ಕೇಳದಿದ್ದ ದನಿ. ಪ್ರಾಣೇಶರಾಯ ಬಂಡಿಯ ಮೂಕಿಮರದ ಮೇಲೆ ಕುಳಿತು ಹಗ್ಗ ಹಿಡಿದುಕೊಂಡೇ ಅತ್ತ. ನಾಚಿಕೆಯೇನೂ ಆಗಲಿಲ್ಲ.

ಮುದಿ ದೊರೆಸಾನಿ ಇಳಿದಳು. ಇಳಿದವಳು ವೆಂಕೂಬಾಯಿಯ ಕೈ ಬಿಡಲಿಲ್ಲ. ವೆಂಕೂಬಾಯಿ ಇನ್ನೊಂದು ಕೈಯಿಂದ ತಗಡಿನ ತೊಟ್ಟಿ ತೋರಿಸಿ, "ಮೊದಲು ಇದರಾಗ ನೀರು ತುಂಬಸ್ರಿ, ನಾನು ಮೀಯಬೇಕು" ಎಂದು ಶಿರಸ್ತೇದಾರರಿಗೆ ಹುಕುಂ ಮಾಡಿದಳು. ಅವರು ದೊರೆಯ ಮುಖ ನೋಡಿದರು. ದೊರೆ ತನ್ನ ಅತ್ತೆಯ ಮುಖ ನೋಡಿದ. ನೀರು ತುಂಬಿಸಲಾಯಿತು.

"ಎಲೈ ಪ್ರಾಣೇಶರಾಯನೇ" ಎಂದ ದೊರೆ, "ನೀನು ಮಹಾ ಸುಳ್ಳುಗಾರನು. ಆದರೆ ನಾನು ಈ ದೇಶಕ್ಕೆ ಬಂದ ಮೇಲೆ ಒಂದೂ ಸುಳ್ಳಿಲ್ಲದ ಅರ್ಜಿಯನ್ನು ಕೇಳಿದ್ದು ಇದೇ ಮೊದಲು. ಅರ್ಜಿಯು ಮಂಜೂರಾಗಿದೆ. ನೀನು ಕಾಯಂ."

ಎಲ್ಲರೂ ಆಚಾರ್ಯರ ಕಡೆ ತಿರುಗಿದರು. ಅವರು ಬಂಡೆಯಿಂದ ಇಳಿದು ಶಲ್ಯ ಕೊಡವಿಕೊಂಡರು.

"ಇಷ್ಟು ಮಂದಿ ಮುಂದ ಹೆಸರು ಹಿಡಿದು ಹಾಡಿದ ಮ್ಯಾಲೆ ನಾನು ಕರಕೊಂಡು ಹೋಗೋದಾದ್ರೂ ಹೆಂಗ? ಕಾಯಂ ಆಗೋಕಿಂತ ಮೊದಲ ನನ್ನ ಮಗಳು ಮಂಜೂರು ಮಾಡಿಬಿಟ್ಟಾಳ" ಎಂದರು. ದನಿಯಲ್ಲಿ ಸಿಟ್ಟು ಇರಬೇಕಾಗಿತ್ತು, ಅಷ್ಟೇನೂ ಇರಲಿಲ್ಲ.

ಅಷ್ಟರಲ್ಲಿ ಮುದಿ ದೊರೆಸಾನಿ ತನ್ನ ಭಾಷೆಯಲ್ಲಿ ಏನೋ ಹೇಳಿ ಛತ್ರಿಯನ್ನು ದಾರಿಯ ಕಡೆ ತೋರಿಸಿದಳು. ದೊರೆಯ ಮುಖ ಸಪ್ಪಗಾಯಿತು.

"ನನ್ನ ಅತ್ತೆಯು ಬಹಳ ಆನಂದಪಟ್ಟಿರುವಳು. ಇಂಥ ಭಕ್ತಿಯುಳ್ಳ ಯಾತ್ರೆಯನ್ನು ಎಂದೂ ಕಂಡಿಲ್ಲವಂತೆ. ನಾಳೆಯೂ ಇದೇ ಬಂಡಿಯಲ್ಲಿ, ಇದೇ ಗಾಯಕರೊಡನೆ, ಇಳಿದು ಏರಬೇಕೆಂದು ಹೇಳುತ್ತಾಳೆ."

ಉಸ್ಮಾನಸಾಬ್ ಇದ್ದಲ್ಲೇ ಕುಳಿತುಬಿಟ್ಟ. ಪ್ರಾಣೇಶರಾಯ ಮತ್ತೆ ಪ್ರಪಾತದ ಕಡೆ ನೋಡಿದ. ಕಾಯಂ ನೌಕರಿಯ ಮೊದಲನೆಯ ಹುಕುಂ, ಇಲ್ಲ ಎನ್ನುವ ಹಾಗಿಲ್ಲ.

ಗಂಗಾಬಾಯಿ ಹತ್ತಿರ ಬಂದು, ಮುಖ ಬೇರೆ ಕಡೆ ಮಾಡಿಕೊಂಡು, ಅವನಿಗೊಬ್ಬನಿಗೇ ಕೇಳುವಂತೆ ಹೇಳಿದಳು.

"ನಾಳೆ ನಾನೂ ಬಂಡ್ಯಾಗ ಕೂಡ್ತೀನಿ. ಹಾಡು ನಂದು. ನೀವೇನರ ಮತ್ತ ಆ ಅರ್ಜಿ ಎತ್ತಿದ್ರ, ಎತ್ತು ಅಷ್ಟ ಅಲ್ಲ, ನಾನೂ ಹಿಂದಕ್ಕ ನಡದು ಸಿರುಗುಪ್ಪಕ್ಕ ಹೋಗ್ತೀನಿ ನೋಡ್ರಿ."

ಅದಕ್ಕೆ ಒಂದು ಉತ್ತರ ಕೊಡಬೇಕಾಗಿತ್ತು. ಅವಳು ಕಾಯುತ್ತ ಸುಮ್ಮನೆ ನಿಂತಿದ್ದಳು. ಪ್ರಾಣೇಶರಾಯ ತನ್ನ ಜನ್ಮದಲ್ಲಿ ಮೊದಲನೆಯ ಸಲ ಏನೂ ಹೇಳದೆ ಅವಳ ಮುಖ ನೋಡುತ್ತ ನಿಂತ, ಉಸಿರೂ ಕಟ್ಟಲಿಲ್ಲ.